ಹೊಸ ತಂತ್ರಜ್ಞಾನದ ಹದ ನೋಡುವ ನೌಕರಿ

ಮದುವೆಯ ಬಯೋಡೇಟಾಗಳಲ್ಲಿ ಈಚೆಗೆ ಒಂದು ಹುದ್ದೆಯ ಹೆಸರು ಕಣ್ಣಿಗೆ ಬೀಳುತ್ತಿದೆ: ಎಮರ್ಜಿಂಗ್ ಟೆಕ್ನಾಲಜಿ ಸ್ಟ್ರಾಟಜಿಸ್ಟ್. ಓದಿದ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಅಂದ್ರೆ ಹುಡುಗ ಏನ್ ಕೆಲ್ಸ ಮಾಡ್ತಾನೆ?" ಎಂದು ಕೇಳುತ್ತಾರೆ. ಹುಡುಗನ ಅಪ್ಪ "ಕಂಪ್ಯೂಟರ್‌ದೇ ಏನೋ" ಎಂದು ಮಾತು ತೇಲಿಸುತ್ತಾರೆ. ಅವರನ್ನು ದೂರುವಂತಿಲ್ಲ. ಆ ಕುರ್ಚಿಯಲ್ಲಿ ಕೂತವರಿಗೂ ಮೊದಲ ಆರು ತಿಂಗಳು ತಮ್ಮ ಕೆಲಸ ಏನೆಂದು ವಿವರಿಸಲು ಕಷ್ಟವೇ.

ಹೆಸರನ್ನು ಬಿಡಿಸಿ ನೋಡೋಣ. ಎಮರ್ಜಿಂಗ್ ಟೆಕ್ನಾಲಜಿ ಎಂದರೆ ಹುಟ್ಟಿದೆ, ಆದರೆ ಇನ್ನೂ ಮನೆಮಾತಾಗಿಲ್ಲ ಎನ್ನುವ ಹಂತದ ತಂತ್ರಜ್ಞಾನ. ಸ್ಟ್ರಾಟಜಿಸ್ಟ್ ಎಂದರೆ ಕಂಪನಿ ತನ್ನ ಹಣ, ಜನ, ಸಮಯವನ್ನು ಎಲ್ಲಿ ಹಾಕಬೇಕು ಎಂದು ದಾರಿ ತೋರಿಸುವವರು. ಎರಡನ್ನೂ ಸೇರಿಸಿದರೆ ಕೆಲಸ ಇಷ್ಟು: ಹೊಸದಾಗಿ ಬರುತ್ತಿರುವ ತಂತ್ರಜ್ಞಾನಗಳಲ್ಲಿ ನಮ್ಮ ಕಂಪನಿಗೆ ಯಾವುದು ಬೇಕು, ಯಾವುದು ಬೇಡ, ಬೇಕಾದರೆ ಯಾವಾಗ ಎಂದು ಹೇಳುವುದು. ಮೂರರಲ್ಲಿ ಕೊನೆಯದೇ ಕಷ್ಟದ್ದು. ಯಾವುದು ಬೇಕು ಎಂದು ಪೇಪರ್ ಓದುವ ಯಾರಾದರೂ ಹೇಳಿಬಿಡಬಹುದು.

ನಮ್ಮ ಕಡೆ ಬೇಸಾಯ ಬಲ್ಲವರು ಮೊದಲ ಮಳೆಗೇ ಬಿತ್ತುವುದಿಲ್ಲ. ಗೇಣುದ್ದ ಮಣ್ಣು ಕೆದಕಿ, ಮುಷ್ಟಿಯಲ್ಲಿ ಹಿಡಿದು, ಉಂಡೆ ಕಟ್ಟುತ್ತದೆಯೋ ಉದುರುತ್ತದೆಯೋ ನೋಡುತ್ತಾರೆ. ಅದಕ್ಕೆ ಹದ ನೋಡುವುದು ಎನ್ನುತ್ತೇವೆ. ಈ ನೌಕರಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಹದ ಎಂದರೆ ಎಷ್ಟು ಕಾಯುವುದು? ಕ್ಯೂಆರ್ ಕೋಡನ್ನೇ ನೋಡಿ. ಎಳನೀರು ಗಾಡಿಗೆ ನೇತುಹಾಕಿರುವ ಆ ಕಪ್ಪು ಬಿಳುಪು ಚೌಕವನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ರೂಪಿಸಿತು. ಕಾರ್ಖಾನೆಯಲ್ಲಿ ವಾಹನದ ಬಿಡಿಭಾಗಗಳನ್ನು ಗುರುತು ಹಿಡಿಯಲು ಮಾಡಿದ್ದು ಅದು. ನಮ್ಮ ಎಳನೀರಿನ ಗಾಡಿಗೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಚೌಕದಲ್ಲಿ ಕೊರತೆ ಏನೂ ಇರಲಿಲ್ಲ. ಕ್ಯಾಮೆರಾ ಇರುವ ಅಗ್ಗದ ಫೋನ್ ಬರಬೇಕಿತ್ತು. ಬ್ಯಾಂಕ್ ಖಾತೆ ಎಲ್ಲರಿಗೂ ಆಗಬೇಕಿತ್ತು; 2014ರ ಜನಧನ್ ಯೋಜನೆ ಅದಕ್ಕೆ ಚಾಲನೆ ಕೊಟ್ಟಿತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಮೊಬೈಲ್ ಡೇಟಾ ದರ ಕುಸಿಯಿತು. ಇಷ್ಟೆಲ್ಲ ಒಂದೆಡೆ ಕೂಡಿದಾಗ ಚೌಕ ಓಡಿತು. 2005ರಲ್ಲೇ ಇದನ್ನು ನಂಬಿ ದುಡ್ಡು ಸುರಿದಿದ್ದ ಅಂಗಡಿಯವರು ಕೈಸುಟ್ಟುಕೊಳ್ಳುತ್ತಿದ್ದರು. 2019ರವರೆಗೂ ಕಾದವರು ಪಕ್ಕದ ಅಂಗಡಿಗೆ ಗಿರಾಕಿ ಬಿಟ್ಟುಕೊಟ್ಟಿರುತ್ತಿದ್ದರು. ತಂತ್ರಜ್ಞಾನವೊಂದನ್ನೇ ನೋಡದೆ ಅದರ ಸುತ್ತ ಏನೇನು ಸೇರಬೇಕು ಎಂದು ನೋಡುವುದು ಈ ಕೆಲಸದ ಮೊದಲ ಪಾಠ.

ಹಾಗಾದರೆ ಇದು ಸಿಟಿಒ ಮಾಡುವ ಕೆಲಸವೇ ಅಲ್ಲವೇ ಎಂದು ಕೇಳಬಹುದು. ಸಿಟಿಒ, ಅಂದರೆ ತಂತ್ರಜ್ಞಾನದ ಮುಖ್ಯಾಧಿಕಾರಿ, ಇವತ್ತು ನಡೆಯುತ್ತಿರುವುದನ್ನು ನಿಲ್ಲದಂತೆ ನೋಡಿಕೊಳ್ಳುವವರು. ಸರ್ವರ್ ರಾತ್ರಿ ಎರಡಕ್ಕೆ ಕೈಕೊಟ್ಟರೆ ಫೋನ್ ಬರುವುದು ಅವರಿಗೆ. ಸಂಶೋಧನಾ ವಿಭಾಗದವರು ಹೊಸದನ್ನು ಸ್ವತಃ ಕಟ್ಟುತ್ತಾರೆ. ಸ್ಟ್ರಾಟಜಿಸ್ಟ್ ಕಟ್ಟುವುದೂ ಇಲ್ಲ, ನಡೆಸುವುದೂ ಇಲ್ಲ. ಹೊರಗೆ ಏನು ನಡೆಯುತ್ತಿದೆ ಎಂದು ನೋಡಿ, ಒಳಗೆ ಏನು ನೋಯುತ್ತಿದೆ ಎಂದು ಕೇಳಿ, ಎರಡನ್ನೂ ತಾಳೆ ಹಾಕುತ್ತಾರೆ. ಸಾಮಾನ್ಯವಾಗಿ ಸಿಟಿಒ ಕೈಕೆಳಗೇ ಇರುತ್ತಾರೆ. ಕೆಲವು ಕಡೆ ನೇರವಾಗಿ ಆಡಳಿತದ ಮೇಲಿನವರಿಗೆ ವರದಿ ಮಾಡುತ್ತಾರೆ.

ಕೆಲಸ ನಡೆಯುವ ಬಗೆಯನ್ನು ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆ ಇದೆ, ನೀವು ಅಲ್ಲಿನ ಸ್ಟ್ರಾಟಜಿಸ್ಟ್ ಎಂದಿಟ್ಟುಕೊಳ್ಳಿ. ವಾಹನಗಳಿಗೆ ಬೇಕಾದ ಲೋಹದ ಬಿಡಿಭಾಗ ತಯಾರಿಸುತ್ತದೆ. ಲೈನಿನ ಕೊನೆಯಲ್ಲಿ ಎಂಟು ಜನ ಟ್ಯೂಬ್‌ಲೈಟ್ ಕೆಳಗೆ ಕೂತು ಒಂದೊಂದೇ ಪೀಸು ಎತ್ತಿ, ತಿರುಗಿಸಿ, ಗೀರು ಇದೆಯೇ, ಅಂಚಿನಲ್ಲಿ ಲೋಹದ ಚೂರು ಉಳಿದಿದೆಯೇ ಎಂದು ನೋಡುತ್ತಾರೆ. ಮಾಲೀಕರು ಒಂದು ಪ್ರದರ್ಶನಕ್ಕೆ ಹೋಗಿ ಬಂದಿದ್ದಾರೆ. ಅಲ್ಲಿ ಕ್ಯಾಮೆರಾ ಮತ್ತು ಎಐ ಸೇರಿ ತಪ್ಪು ಪೀಸನ್ನು ಕಣ್ಣು ಮಿಟುಕಿಸುವುದರೊಳಗೆ ಹಿಡಿಯುವುದನ್ನು ಕಂಡಿದ್ದಾರೆ. ಮರುದಿನ ಬೆಳಿಗ್ಗೆ ನಿಮ್ಮನ್ನು ಕರೆದು, "ಇದನ್ನ ಹಾಕೋಣ್ವಾ?" ಎನ್ನುತ್ತಾರೆ.

ನೀವು ಮೊದಲು ಹೋಗಬೇಕಾದದ್ದು ಆ ಎಂಟು ಜನರ ಬೆಂಚಿಗೆ. ಗೂಗಲ್ ಆಮೇಲೆ. ಹದಿನೈದು ವರ್ಷದಿಂದ ಅಲ್ಲೇ ಕೂತ ಹೆಂಗಸು ಒಬ್ಬರಿರುತ್ತಾರೆ. ಅವರ ಪಕ್ಕ ಸ್ಟೂಲು ಹಾಕಿಕೊಂಡು ಒಂದು ಶಿಫ್ಟ್ ಕೂತರೆ ಯಾವ ವರದಿಯೂ ಹೇಳದ ಸಂಗತಿ ತಿಳಿಯುತ್ತದೆ. "ಸೋಮವಾರ ಬೆಳಿಗ್ಗೆ ಮೊದಲ ಪೀಸುಗಳು ಜಾಸ್ತಿ ಕೆಡ್ತವೆ ಸಾರ್, ಮೆಷಿನ್ ಇನ್ನೂ ತಣ್ಣಗಿರ್ತದೆ" ಎಂದು ಅವರು ಹೇಳಿದರೆ, ಅರ್ಧ ಸಮಸ್ಯೆ ಮೆಷಿನನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ಬಿಸಿ ಮಾಡಿದರೇ ತೀರಬಹುದು. ಅದಕ್ಕೆ ಎಐ ಬೇಕಿಲ್ಲ. ಇಂಥದ್ದನ್ನು ಹೇಳಿದರೆ ನಿಮ್ಮ ನೌಕರಿಗೆ ಅರ್ಥ ಉಳಿಯುತ್ತದೆಯೇ ಎಂದು ಹೆದರಬೇಡಿ. ಉಳಿಯುತ್ತದೆ.

ಆಮೇಲೆ ಲೆಕ್ಕ. ಒಂದು ಶಿಫ್ಟಿಗೆ 10,000 ಪೀಸು ಎಂದುಕೊಳ್ಳೋಣ. ಕ್ಯಾಮೆರಾ ನೂರಕ್ಕೆ ಎರಡು ಒಳ್ಳೆಯ ಪೀಸುಗಳನ್ನು ಕೆಟ್ಟವು ಎಂದು ತಳ್ಳುತ್ತದೆ ಎಂದುಕೊಳ್ಳೋಣ. ಇದನ್ನು ಫಾಲ್ಸ್ ರಿಜೆಕ್ಟ್, ಅಂದರೆ ಸುಳ್ಳು ತಿರಸ್ಕಾರ ಎನ್ನುತ್ತಾರೆ. ಎರಡು ಪರ್ಸೆಂಟ್ ಎಂದರೆ ಕಿವಿಗೆ ಇಂಪು. ಆದರೆ ಶಿಫ್ಟಿಗೆ 200 ಪೀಸು ಮತ್ತೆ ಕೈಯಲ್ಲಿ ನೋಡಬೇಕು. ಅದಕ್ಕೆ ಜನ ಇರಲೇಬೇಕು. ಇನ್ನೊಂದು ಕಡೆ, ನಿಜವಾಗಿ ಕೆಟ್ಟ ಪೀಸನ್ನು ಕ್ಯಾಮೆರಾ ಒಳ್ಳೆಯದೆಂದು ಬಿಟ್ಟರೆ ಅದು ಗಿರಾಕಿಯ ಕಾರ್ಖಾನೆಗೆ ಹೋಗಿ, ಪೂರ್ತಿ ಲಾಟೇ ವಾಪಸು ಬರಬಹುದು. ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಮಾರಾಟಗಾರರು ಹೇಳುವ "ಶೇ 98 ನಿಖರತೆ" ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಚೀಲ ಬಿಚ್ಚಿಸಿ ನೋಡುವುದು ನಿಮ್ಮ ಕೆಲಸ.

ಇನ್ನೊಂದು ತೊಡಕು ಹೊರಗಿನವರಿಗೆ ಹೊಳೆಯುವುದಿಲ್ಲ. ಎಐಗೆ ತಪ್ಪು ಯಾವುದು ಎಂದು ಕಲಿಸಲು ತಪ್ಪು ಪೀಸುಗಳ ಫೋಟೋ ಬೇಕು. ಒಳ್ಳೆಯ ಕಾರ್ಖಾನೆಯಲ್ಲಿ ತಪ್ಪು ಪೀಸುಗಳೇ ಕಡಿಮೆ. ಅವುಗಳಲ್ಲೂ ಬಗೆಬಗೆ. ಅಪರೂಪದ ತಪ್ಪೊಂದರ ಹತ್ತು ಫೋಟೋ ಒಟ್ಟುಮಾಡಲು ತಿಂಗಳುಗಟ್ಟಲೆ ಕಾಯಬೇಕಾದೀತು. ಜೊತೆಗೆ ಪೀಸಿನ ಮೇಲಿನ ಎಣ್ಣೆ ಹೊಳೆಯುತ್ತದೆ, ಮೆಷಿನಿನ ತಂಪು ದ್ರವದ ಹನಿ ಲೆನ್ಸಿಗೆ ಅಂಟುತ್ತದೆ, ಸಂಜೆ ಕಿಟಕಿಯ ಬಿಸಿಲು ಓರೆಯಾಗಿ ಬೀಳುತ್ತದೆ. ಪ್ರದರ್ಶನದ ಮಳಿಗೆಯಲ್ಲಿ ಇದಾವುದೂ ಇರಲಿಲ್ಲ.

ಮಳಿಗೆಗೂ ಲೈನಿಗೂ ಇರುವ ಈ ದೂರ ಅಳೆಯಲು ಒಂದು ಏಣಿ ಇದೆ. ಟೆಕ್ನಾಲಜಿ ರೆಡಿನೆಸ್ ಲೆವೆಲ್, ಚಿಕ್ಕದಾಗಿ ಟಿಆರ್‌ಎಲ್, ಅಂದರೆ ತಂತ್ರಜ್ಞಾನ ಎಷ್ಟು ಮಾಗಿದೆ ಎನ್ನುವ ಅಳತೆ. 1970ರ ದಶಕದಲ್ಲಿ ಅಮೆರಿಕದ ನಾಸಾದಲ್ಲಿ ಹುಟ್ಟಿದ್ದು. ಈಗ 9 ಮೆಟ್ಟಿಲು. ಒಂದನೆಯದರಲ್ಲಿ ಮೂಲ ತತ್ವ ಮಾತ್ರ ಗೊತ್ತಿರುತ್ತದೆ. ನಾಲ್ಕರಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡಿ ತೋರಿಸಿರುತ್ತಾರೆ. ಆರರಲ್ಲಿ ನಿಜಕ್ಕೆ ಹತ್ತಿರದ ವಾತಾವರಣದಲ್ಲಿ ಪರೀಕ್ಷೆ ಆಗಿರುತ್ತದೆ. ಒಂಬತ್ತರಲ್ಲಿ ನಿಜವಾದ ಬಳಕೆಯಲ್ಲೇ ಗೆದ್ದಿರುತ್ತದೆ. ಒಂದು ಎಚ್ಚರ: ಬೇರೆಯವರ ಕಾರ್ಖಾನೆಯಲ್ಲಿ ಒಂಬತ್ತು ಮುಟ್ಟಿದ್ದು ನಿಮ್ಮ ಎಣ್ಣೆ ಮೆತ್ತಿದ ಪೀಸಿನ ಮುಂದೆ ಐದಕ್ಕೋ ಆರಕ್ಕೋ ಇಳಿಯಬಹುದು.

ಇಷ್ಟಾದ ಮೇಲೂ ಮಾಡಬಹುದು ಅನ್ನಿಸಿದರೆ ಪೈಲಟ್, ಅಂದರೆ ಸಣ್ಣ ಪ್ರಮಾಣದ ಪ್ರಯೋಗ. ಒಂದೇ ಲೈನು, ಒಂದೇ ಬಗೆಯ ಪೀಸು, 90 ದಿನ. ಕ್ಯಾಮೆರಾ ಒಂದು ಕಡೆ ನೋಡಲಿ, ಜನ ಇನ್ನೊಂದು ಕಡೆ ಎಂದಿನಂತೆ ನೋಡಲಿ. ಎರಡರ ತೀರ್ಪು ಹೋಲಿಸಿ. ಶುರುಮಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ: ಏನಾದರೆ ಮುಂದುವರಿಸುತ್ತೇವೆ, ಏನಾದರೆ ನಿಲ್ಲಿಸುತ್ತೇವೆ. ಈ ಹಾಳೆ ಇಲ್ಲದ ಪೈಲಟ್ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ದೊಡ್ಡ ಕಂಪನಿಗಳಲ್ಲಿ ಮೂರು ವರ್ಷದಿಂದ "ಪೈಲಟ್" ಆಗಿಯೇ ಉಳಿದಿರುವ ಯೋಜನೆಗಳು ಮೂಲೆ ಮೂಲೆಯಲ್ಲಿ ಸಿಗುತ್ತವೆ. ಯಾರಿಗೂ ಅವುಗಳ ತಿಥಿ ಮಾಡುವ ಧೈರ್ಯವಿಲ್ಲ.

ಕೊನೆಗೆ ಮಾಲೀಕರ ಮೇಜಿಗೆ ಹೋಗುವುದು ಎರಡು ಪುಟದ ಟಿಪ್ಪಣಿ. ಈಗಲೇ ಹಾಕಿ, ಒಂದು ಲೈನಿನಲ್ಲಿ ನೋಡಿ, ಕಾಯಿರಿ, ಬೇಡ – ನಾಲ್ಕರಲ್ಲಿ ಒಂದು ಉತ್ತರ. ಕಾಯಿರಿ ಎನ್ನುವುದಾದರೆ ಎಲ್ಲಿಯವರೆಗೆ ಎಂದು ಹೇಳಲೇಬೇಕು. "ಸುಳ್ಳು ತಿರಸ್ಕಾರ ಅರ್ಧ ಪರ್ಸೆಂಟಿಗೆ ಇಳಿದಾಗ, ಅಥವಾ ನಮ್ಮ ದೊಡ್ಡ ಗಿರಾಕಿ ಪ್ರತಿ ಪೀಸಿನ ಫೋಟೋ ದಾಖಲೆ ಕೇಳಿದಾಗ ಮತ್ತೆ ನೋಡೋಣ" ಎಂದು ಷರತ್ತು ಬರೆದ ಕಾಯುವಿಕೆಗೆ ಬೆಲೆ ಇದೆ. ಸುಮ್ಮನೆ "ನೋಡೋಣ" ಎಂದರೆ ಅದು ಇಲ್ಲ ಎನ್ನಲಾರದವರ ಉತ್ತರ.

ಅದೇ ಕಾರ್ಖಾನೆಗೆ ಕ್ಯಾಮೆರಾಗಿಂತ ದೊಡ್ಡ ಪ್ರಶ್ನೆ ಒಂದು ಹೊರಗೆ ನಿಂತಿರಬಹುದು. ಅದು ತಯಾರಿಸುವುದು ಪೆಟ್ರೋಲ್ ಎಂಜಿನ್ನಿನ ಬಿಡಿಭಾಗವಾಗಿದ್ದರೆ? ವಿದ್ಯುತ್ ಸ್ಕೂಟರಿಗೆ ಪಿಸ್ಟನ್ ಬೇಡ, ವಾಲ್ವ್ ಬೇಡ, ಸೈಲೆನ್ಸರ್ ಬೇಡ. ತಪಾಸಣೆ ಎಷ್ಟು ಚೆನ್ನಾಗಿ ಮಾಡಿದರೂ ಕೊಳ್ಳುವವರಿಲ್ಲದ ಪೀಸು ಗುಜರಿಯೇ. ಬ್ರೇಕ್, ಸಸ್ಪೆನ್ಷನ್ ಭಾಗಗಳಾದರೆ ಆ ಚಿಂತೆ ಇಲ್ಲ. ಎರಡೂ ಬಗೆಯ ವಾಹನಕ್ಕೆ ಅವು ಬೇಕು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ, ಕೇಳದ ಈ ಪ್ರಶ್ನೆಯನ್ನು ಟಿಪ್ಪಣಿಯ ಕೊನೆಯಲ್ಲಿ ಎತ್ತಬೇಕು. ಮಾಲೀಕರಿಗೆ ಅದು ಹಿಡಿಸದಿರಬಹುದು.

ಹಿಡಿಸದ ಮಾತಿನ ಪ್ರಸಿದ್ಧ ಕಥೆ ಕೊಡಾಕ್‌ನದು. 1975ರಲ್ಲಿ ಆ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಒಂದನ್ನು ಕಟ್ಟಿದರು. ಒಂದು ಚಿತ್ರ ಕ್ಯಾಸೆಟ್ಟಿಗೆ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಫಿಲ್ಮ್ ಮಾರಿ ಬದುಕುವ ಕಂಪನಿಗೆ ಫಿಲ್ಮ್ ಬೇಡದ ಕ್ಯಾಮೆರಾ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ "ಅವರಿಗೆ ದೂರದೃಷ್ಟಿ ಇರಲಿಲ್ಲ" ಎನ್ನುತ್ತಾರೆ. ಅಷ್ಟು ಸಲೀಸಲ್ಲ. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಾಕ್ ಮೊದಲ ಸ್ಥಾನದಲ್ಲೇ ಇತ್ತು. ಫಿಲ್ಮಿನಲ್ಲಿ ಸಿಗುತ್ತಿದ್ದ ಲಾಭ ಕ್ಯಾಮೆರಾದಲ್ಲಿ ಸಿಗಲಿಲ್ಲ, ಅಷ್ಟರಲ್ಲಿ ಫೋನಿನೊಳಗೇ ಕ್ಯಾಮೆರಾ ಬಂತು. ಅದೇ ಹೊಡೆತ ತಿಂದ ಜಪಾನಿನ ಫ್ಯೂಜಿಫಿಲ್ಮ್ ತನಗೆ ಗೊತ್ತಿರುವ ವಿದ್ಯೆ ಫೋಟೋ ಒಂದೇ ಅಲ್ಲ, ರಸಾಯನವೂ ಹೌದು ಎಂದು ಕಂಡುಕೊಂಡಿತು. ಫಿಲ್ಮಿನ ಪದರದಲ್ಲಿ ಬಳಸುತ್ತಿದ್ದ ಕೊಲಾಜೆನ್, ಬಣ್ಣ ಮಾಸದಂತೆ ತಡೆಯುವ ಜ್ಞಾನ – ಇವುಗಳನ್ನು ಚರ್ಮದ ಕ್ರೀಮಿಗೆ ತಿರುಗಿಸಿತು. ನಮ್ಮ ಕೈಯಲ್ಲಿರುವ ಕಸುಬು ನಿಜಕ್ಕೂ ಯಾವುದು ಎಂದು ಕೇಳುವುದೂ ಸ್ಟ್ರಾಟಜಿಸ್ಟ್ ಕೆಲಸವೇ. ಪೀಣ್ಯದ ಕಾರ್ಖಾನೆಯ ಕಸುಬು ಪಿಸ್ಟನ್ನೇ, ಅಥವಾ ಕೂದಲೆಳೆಯಷ್ಟೂ ತಪ್ಪದೆ ಲೋಹ ಕೊರೆಯುವುದೇ?

ಈ ವೃತ್ತಿಯವರ ಬಾಯಲ್ಲಿ ಸದಾ ಕೇಳುವ ಇನ್ನೊಂದು ಮಾತು ಹೈಪ್ ಸೈಕಲ್. ಅಬ್ಬರದ ಚಕ್ರ ಎನ್ನಬಹುದು. ಗಾರ್ಟ್ನರ್ ಎಂಬ ಸಂಶೋಧನಾ ಕಂಪನಿಯ ಜಾಕಿ ಫೆನ್ 1995ರಲ್ಲಿ ರೂಪಿಸಿದ ಗೆರೆಚಿತ್ರ ಇದು. ಹೊಸದೊಂದು ಬಂದಾಗ ನಿರೀಕ್ಷೆ ಆಕಾಶಕ್ಕೇರುತ್ತದೆ, ಆಮೇಲೆ ಪಾತಾಳಕ್ಕೆ ಬೀಳುತ್ತದೆ, ನಂತರ ಮೆಲ್ಲಗೆ ಮೇಲೆದ್ದು ಸಮತಟ್ಟಿಗೆ ಬರುತ್ತದೆ. ಮಾತಾಡಲು ಅನುಕೂಲವಾದ ಚಿತ್ರ. ಆದರೆ ಇದನ್ನು ಪಂಚಾಂಗದಂತೆ ನಂಬಬೇಡಿ. ಎಷ್ಟೋ ತಂತ್ರಜ್ಞಾನಗಳು ಪಾತಾಳದಿಂದ ಏಳುವುದೇ ಇಲ್ಲ. ಕೆಲವು ಬೇರೆ ಬಾಗಿಲಿನಿಂದ ಬರುತ್ತವೆ. ಗೂಗಲ್ ಗ್ಲಾಸ್ ಎಂಬ ಕನ್ನಡಕ 2013ರಲ್ಲಿ 1,500 ಡಾಲರಿಗೆ ಬಂತು, ಬೀದಿಯಲ್ಲಿ ನಗೆಪಾಟಲಾಯಿತು, 2015ರ ಜನವರಿಯಲ್ಲಿ ಮಾರಾಟ ನಿಂತಿತು. 2017ರಲ್ಲಿ ಅದೇ ಕನ್ನಡಕ ಕಾರ್ಖಾನೆ, ಗೋದಾಮುಗಳಿಗೆಂದು ಮರಳಿತು. ಎರಡೂ ಕೈಯಲ್ಲಿ ಸ್ಪಾನರ್ ಹಿಡಿದವರಿಗೆ ಕಣ್ಣೆದುರೇ ಸೂಚನೆ ಕಾಣುವುದು ಉಪಯೋಗಕ್ಕೆ ಬಂತು. ಆದರೂ 2023ರಲ್ಲಿ ಆ ಮಾದರಿಯ ಮಾರಾಟವನ್ನೂ ಗೂಗಲ್ ನಿಲ್ಲಿಸಿತು. ಇದನ್ನು ಯಾವ ಗೆರೆಯ ಮೇಲೆ ಕೂರಿಸುತ್ತೀರಿ?

ನನಗೆ ಹೈಪ್ ಸೈಕಲ್‌ಗಿಂತ ಹಿಡಿಸುವುದು ಟೆಕ್ನಾಲಜಿ ರೇಡಾರ್. ಥಾಟ್‌ವರ್ಕ್ಸ್ ಎಂಬ ಸಾಫ್ಟ್‌ವೇರ್ ಕಂಪನಿ 2010ರಿಂದ ಪ್ರಕಟಿಸುತ್ತಿದೆ, ಓದಲು ಉಚಿತ. ಒಂದರೊಳಗೊಂದು ವೃತ್ತ ಬರೆದು, ಬಳಸಿ, ಪ್ರಯೋಗಿಸಿ, ಗಮನಿಸಿ, ತಡೆಯಿರಿ ಎಂಬರ್ಥದ ಭಾಗಗಳಲ್ಲಿ ಒಂದೊಂದು ತಂತ್ರವನ್ನೂ ಚುಕ್ಕೆಯಾಗಿ ಇಡುತ್ತಾರೆ. ನಿಮ್ಮ ಕಂಪನಿಗೂ ಇಂಥದ್ದೊಂದನ್ನು ಒಂದೇ ಹಾಳೆಯಲ್ಲಿ ಬರೆಯಬಹುದು. ಇಪ್ಪತ್ತು ಚುಕ್ಕೆ ಸಾಕು. ವರ್ಷಕ್ಕೆರಡು ಸಲ ಎಲ್ಲರನ್ನೂ ಕೂರಿಸಿ ಚುಕ್ಕೆಗಳನ್ನು ಸರಿಸಿ. ಆ ದಿನ ನಡೆಯುವ ಜಗಳವೇ ರೇಡಾರಿನ ಲಾಭ.

ಇನ್ನು, ಕೆಲವು ವಿಷಯಗಳಲ್ಲಿ ಕಾಯುವುದೇ ತಪ್ಪಾಗುತ್ತದೆ. ಕ್ವಾಂಟಮ್ ಕಂಪ್ಯೂಟರ್ ಅಂಥದ್ದು. ಇವತ್ತು ನಮ್ಮ ಬ್ಯಾಂಕ್ ವ್ಯವಹಾರ, ಇಮೇಲ್, ಆಸ್ಪತ್ರೆಯ ದಾಖಲೆ ಎಲ್ಲವನ್ನೂ ಕಾಯುತ್ತಿರುವುದು ಎನ್‌ಕ್ರಿಪ್ಷನ್, ಅಂದರೆ ಬೀಗ ಹಾಕಿದ ಗುಪ್ತಲಿಪಿ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಈಗಿನ ಕೆಲವು ಮುಖ್ಯ ಬೀಗಗಳನ್ನು ಒಡೆಯಬಹುದು ಎಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ಗಣಿತದಿಂದ ತೋರಿಸಿದ್ದಾರೆ. ಅಂಥ ಯಂತ್ರ ಇನ್ನೂ ಬಂದಿಲ್ಲ. ಬಂದಾಗ ನೋಡಿಕೊಳ್ಳೋಣ ಎನ್ನಬಹುದೇ?

ಕೆನಡಾದ ಗಣಿತಜ್ಞ ಮಿಕೆಲೆ ಮೋಸ್ಕಾ ಕೊಟ್ಟ ಸರಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು? 10 ವರ್ಷ ಎನ್ನಿ. ಕಂಪನಿಯ ಎಲ್ಲ ಬೀಗ ಬದಲಿಸಲು ಎಷ್ಟು ವರ್ಷ ಬೇಕು? 5 ಎನ್ನಿ. ಕೂಡಿಸಿದರೆ 15. ಆ ಯಂತ್ರ 12 ವರ್ಷದಲ್ಲಿ ಬಂದುಬಿಟ್ಟರೆ ನೀವು ಈಗಾಗಲೇ ತಡಮಾಡಿದ್ದೀರಿ. ಏಕೆಂದರೆ ಕಳ್ಳರು ಬೀಗ ಹಾಕಿದ ಪೆಟ್ಟಿಗೆಯನ್ನು ಇವತ್ತೇ ಕದ್ದು ಅಟ್ಟದ ಮೇಲೆ ಇಟ್ಟುಕೊಂಡು, ಬೀಗದ ಕೈ ಸಿಕ್ಕ ದಿನ ತೆರೆಯಬಹುದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಕ್ವಾಂಟಮ್ ದಾಳಿಗೂ ಜಗ್ಗದ ಹೊಸ ಬೀಗಗಳ ಮೊದಲ ಮೂರು ಮಾನದಂಡಗಳನ್ನು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಹಾಗಾಗಿ ವಿಮೆ, ಬ್ಯಾಂಕ್, ಆಸ್ಪತ್ರೆ ಕ್ಷೇತ್ರದ ಸ್ಟ್ರಾಟಜಿಸ್ಟ್ ಈಗಲೇ ಮಾಡಬಹುದಾದ ಅಗ್ಗದ ಕೆಲಸ ಒಂದಿದೆ. ನಮ್ಮಲ್ಲಿ ಎಲ್ಲೆಲ್ಲಿ ಯಾವ್ಯಾವ ಬೀಗ ಇದೆ ಎಂದು ಪಟ್ಟಿ ಮಾಡಿಸುವುದು. ಹಲವು ಕಡೆ ಆ ಪಟ್ಟಿಯೇ ಇರುವುದಿಲ್ಲ. ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್‌ನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ತಿಳಿದವರನ್ನು ಹುಡುಕಲು ವಿಮಾನ ಹತ್ತಬೇಕಿಲ್ಲ.

ಖರ್ಚಿನ ವಿಷಯ. ಕಂಪನಿಗೆ ಈ ಹುದ್ದೆಯ ಖರ್ಚು ಸಂಬಳವೊಂದೇ ಅಲ್ಲ, ಪ್ರಯೋಗಗಳದ್ದೂ ಇದೆ. ಕ್ಯಾಮೆರಾ ಉದಾಹರಣೆಯಲ್ಲಿ ಕ್ಯಾಮೆರಾದ ಬೆಲೆ ಚಿಕ್ಕ ಪಾಲು. ದೀಪ, ಪೀಸು ಅಲುಗದಂತೆ ಹಿಡಿಯುವ ಫಿಕ್ಸ್ಚರ್, ಕಂಪ್ಯೂಟರ್, ಲೈನಿನ ಬದಲಾವಣೆ, ಫೋಟೋಗಳಿಗೆ ಒಳ್ಳೆಯದು ಕೆಟ್ಟದ್ದು ಎಂದು ಗುರುತು ಹಾಕುವವರ ದಿನಗಳು, ಆಮೇಲೆ ಪ್ರತಿ ವರ್ಷದ ಎಎಂಸಿ, ಅಂದರೆ ನಿರ್ವಹಣಾ ಒಪ್ಪಂದ. ಕೊಟೇಶನ್‌ನಲ್ಲಿ ಕಾಣದ ಬಾಬ್ತು ಇನ್ನೊಂದು: ಲೈನು ನಿಂತ ಗಂಟೆಗಳು. ಇವನ್ನೆಲ್ಲ ಸೇರಿಸಿ ಐದು ವರ್ಷದ ಲೆಕ್ಕ ಹಾಕಿ. ಗಿರಾಕಿಗಳ ಅಥವಾ ನೌಕರರ ವೈಯಕ್ತಿಕ ಮಾಹಿತಿ ಬಳಸುವ ಯೋಜನೆಯಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡುಗಳೂ ಲೆಕ್ಕಕ್ಕೆ ಬರುತ್ತವೆ. ಕಾನೂನು ವಿಭಾಗದವರನ್ನು ಕೊನೆಯ ವಾರ ಕರೆಯಬೇಡಿ, ಮೊದಲ ವಾರವೇ ಕರೆಯಿರಿ.

ಕಲಿಯುವವರಿಗೆ ಖರ್ಚು ಕಡಿಮೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳನ್ನು ಸ್ವಯಂ ಎಂಬ ಜಾಲತಾಣದಲ್ಲಿ ಪುಕ್ಕಟೆ ಕೇಳಬಹುದು. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಸಂಶೋಧನಾ ಪ್ರಬಂಧಗಳಿಗೆ 1991ರಿಂದ ನಡೆಯುತ್ತಿರುವ ಆರ್ಕೈವ್ ಎಂಬ ಉಚಿತ ಭಂಡಾರ ಇದೆ. ಯಾವ ಕಂಪನಿ ಯಾವುದರ ಹಿಂದೆ ಬಿದ್ದಿದೆ ಎಂದು ತಿಳಿಯಲು ಪೇಟೆಂಟ್ ಅರ್ಜಿಗಳನ್ನು ಓದಿ. ಗೂಗಲ್ ಪೇಟೆಂಟ್ಸ್‌ನಲ್ಲೂ ಭಾರತದ ಪೇಟೆಂಟ್ ಕಚೇರಿಯ ಜಾಲತಾಣದಲ್ಲೂ ಹುಡುಕಲು ದುಡ್ಡು ಕೊಡಬೇಕಿಲ್ಲ. ಸಾಮಾನ್ಯವಾಗಿ ಅರ್ಜಿ ಹಾಕಿದ 18 ತಿಂಗಳ ನಂತರ ಅವು ಪ್ರಕಟವಾಗುತ್ತವೆ. ಆದ್ದರಿಂದ ನೀವು ನೋಡುವುದು ಒಂದೂವರೆ ವರ್ಷದ ಹಿಂದಿನ ಯೋಚನೆ ಎಂಬುದು ನೆನಪಿರಲಿ. ತುಮಕೂರು ರಸ್ತೆಯ ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ, ಬೆಂಗಳೂರು ಟೆಕ್ ಸಮ್ಮಿಟ್ – ಇವಕ್ಕೆ ಹೋಗಿ. ಮಳಿಗೆಯವರು ತೋರಿಸುವುದನ್ನು ನೋಡಿದ ಮೇಲೆ, "ಇದು ಎಲ್ಲೆಲ್ಲಿ ಕೆಲಸ ಮಾಡಲ್ಲ?" ಎಂದು ಕೇಳಿ. ಪ್ರಾಮಾಣಿಕ ಎಂಜಿನಿಯರ್ ಇದ್ದರೆ ಅರ್ಧ ಗಂಟೆ ಬಿಡದೆ ಹೇಳುತ್ತಾರೆ.

ಕೆಲಸ ಎಲ್ಲಿ ಸಿಗುತ್ತದೆ? ಬೆಂಗಳೂರಿನಲ್ಲಿ ಮುಖ್ಯವಾಗಿ ಜಿಸಿಸಿಗಳಲ್ಲಿ. ಗ್ಲೋಬಲ್ ಕೇಪಬಿಲಿಟಿ ಸೆಂಟರ್, ಅಂದರೆ ವಿದೇಶಿ ಕಂಪನಿಯೊಂದು ತನ್ನದೇ ಕೆಲಸಕ್ಕೆ ಇಲ್ಲಿ ತೆರೆದ ಕಚೇರಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಈ ಬೆಳೆ ಬೆಳೆದಿದೆ. 2024ರ ಹೊತ್ತಿಗೆ ದೇಶದಲ್ಲಿ ಇಂಥ ಕೇಂದ್ರಗಳು 1,700 ದಾಟಿದ್ದವು, ನಗರಗಳಲ್ಲಿ ಅತಿ ದೊಡ್ಡ ಪಾಲು ಬೆಂಗಳೂರಿನದು. ಅದೇ ವರ್ಷ ಕರ್ನಾಟಕ ಸರ್ಕಾರ ಇವಕ್ಕೆಂದೇ 2024ರಿಂದ 2029ರವರೆಗಿನ ನೀತಿಯೊಂದನ್ನು ಹೊರತಂದಿತು. ಐಟಿ ಸೇವಾ ಕಂಪನಿಗಳು, ಬ್ಯಾಂಕ್‌ಗಳು, ದೊಡ್ಡ ತಯಾರಿಕಾ ಕಂಪನಿಗಳಲ್ಲೂ ಈ ಹುದ್ದೆ ಇದೆ. ಹೆಸರು ಮಾತ್ರ ಬೇರೆ ಬೇರೆ: ಇನ್ನೊವೇಶನ್ ಮ್ಯಾನೇಜರ್, ಟೆಕ್ನಾಲಜಿ ಸ್ಕೌಟ್, ಫ್ಯೂಚರ್ಸ್ ಲೀಡ್. ಹುಡುಕುವಾಗ ಎಲ್ಲ ಹೆಸರಲ್ಲೂ ಹುಡುಕಿ. ಹುಬ್ಬಳ್ಳಿ, ಮಂಗಳೂರು, ಬೆಳಗಾವಿಯ ಮಧ್ಯಮ ಕಾರ್ಖಾನೆಗಳಲ್ಲಿ ಈ ಹೆಸರಿನ ಹುದ್ದೆ ಅಪರೂಪ. ಅಲ್ಲಿ ಮಾಲೀಕರ ಮಗಳೋ ಪ್ರೊಡಕ್ಷನ್ ಮ್ಯಾನೇಜರ್ರೋ ಈ ಕೆಲಸವನ್ನು ಹೆಸರಿಲ್ಲದೆ ಮಾಡುತ್ತಿರುತ್ತಾರೆ. ಎಷ್ಟೋ ಸಲ ಚೆನ್ನಾಗಿಯೇ.

ಕೋಡಿಂಗ್ ಬರಬೇಕೇ? ಬರೆಯಲು ಬರದಿದ್ದರೂ ಓದಿ ಅರ್ಥ ಮಾಡಿಕೊಳ್ಳುವಷ್ಟು ಬೇಕು. ಕಾಲೇಜಿನಿಂದ ನೇರ ಬರಬಹುದೇ? ಕಷ್ಟ. ಐದಾರು ವರ್ಷ ಯಾವುದಾದರೂ ನಿಜವಾದ ಕೆಲಸದಲ್ಲಿ, ಅಂದರೆ ಲೈನಿನಲ್ಲೋ ಕೋಡಿನಲ್ಲೋ ಮಾರಾಟದಲ್ಲೋ ಕೈ ಕೊಳೆ ಮಾಡಿಕೊಂಡವರ ಮಾತಿಗೆ ತೂಕ ಬರುತ್ತದೆ. ಕಾಮರ್ಸ್ ಓದಿದವರಿಗೆ ಅವಕಾಶ ಇದೆಯೇ? ಇದೆ, ಲೆಕ್ಕ ಬಿಚ್ಚುವವರು ಈ ತಂಡಗಳಲ್ಲಿ ಯಾವಾಗಲೂ ಕಡಿಮೆ. ಎಐ ಈ ಕೆಲಸವನ್ನೇ ನುಂಗುವುದಿಲ್ಲವೇ? ವರದಿ ಒಟ್ಟುಮಾಡುವ ಭಾಗವನ್ನು ಆಗಲೇ ನುಂಗುತ್ತಿದೆ. ಬೆಂಚಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವ ಭಾಗ ಉಳಿದಿದೆ.

ಹುದ್ದೆಯ ಹೆಸರು ನೋಡಿ ಸಂಬಳ ಅಳೆಯಬೇಡಿ. ಒಂದೇ ಹೆಸರು ಒಂದು ಕಡೆ ಮೇಲಿನ ದರ್ಜೆಯದಾದರೆ ಇನ್ನೊಂದು ಕಡೆ ಸ್ಲೈಡ್ ತಯಾರಿಸುವ ಕಿರಿಯರದ್ದಾಗಿರುತ್ತದೆ. ಗ್ರೇಡ್ ಯಾವುದು ಎಂದು ಕೇಳಿ, ಅದೇ ಗ್ರೇಡಿನ ಪ್ರಾಡಕ್ಟ್ ಮ್ಯಾನೇಜರ್ ಸಂಬಳದೊಂದಿಗೆ ಹೋಲಿಸಿ. ಇನ್ನೊಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಕಂಪನಿಗೆ ಕಷ್ಟ ಬಂದಾಗ ಕತ್ತರಿ ಮೊದಲು ಬೀಳುವ ತಂಡಗಳಲ್ಲಿ ಇದೂ ಒಂದು. ನಾಳಿನ ಯೋಚನೆಯನ್ನು ನಾಳೆಗೆ ಮುಂದೂಡುವುದು ಸುಲಭ. ಅದಕ್ಕೇ ಪ್ರತಿ ವರ್ಷ ಒಂದಾದರೂ ಕೆಲಸ ಇದೇ ವರ್ಷ ಹಣ ಉಳಿಸಿದ್ದಾಗಿರಲಿ. ಬೇಡವೆಂದು ತಡೆದು ಉಳಿಸಿದ ಹಣವನ್ನೂ ಬರೆದಿಡಿ.

ಸಂದರ್ಶನಕ್ಕೆ ಹೋಗುವ ಮೊದಲು ನಿಮಗೆ ಗೊತ್ತಿರುವ ಯಾವುದಾದರೂ ಒಂದು ಉದ್ಯಮದ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆದು ಒಯ್ಯಿರಿ. ಊರಿನ ಅಡಿಕೆ ಸುಲಿಯುವ ಘಟಕವಾದರೂ ಸರಿ, ಮಾವನ ಪ್ರಿಂಟಿಂಗ್ ಪ್ರೆಸ್ ಆದರೂ ಸರಿ. ಹತ್ತು ಸರ್ಟಿಫಿಕೇಟ್‌ಗಿಂತ ಅದು ಹೆಚ್ಚು ಮಾತಾಡಿಸುತ್ತದೆ. ಅವರು ಕೇಳಿ ಮುಗಿಸಿ, "ನಿಮ್ದೇನಾದ್ರೂ ಪ್ರಶ್ನೆ ಇದ್ಯಾ?" ಎಂದಾಗ ಮೂರು ಕೇಳಿ. ಪ್ರಯೋಗಕ್ಕೆ ಪ್ರತ್ಯೇಕ ಹಣ ಇದೆಯೇ, ಪ್ರತಿ ಸಲ ಬೇರೆ ವಿಭಾಗದ ಮುಂದೆ ಕೈಚಾಚಬೇಕೇ? ನನ್ನ ಟಿಪ್ಪಣಿಯನ್ನು ಯಾರು ಓದುತ್ತಾರೆ, ಎಷ್ಟು ದಿನದೊಳಗೆ ಉತ್ತರ ಕೊಡುತ್ತಾರೆ? ಕಳೆದ ವರ್ಷ ಯಾವ ಪ್ರಯೋಗವನ್ನು ನಿಲ್ಲಿಸಿದಿರಿ, ಏಕೆ? ಮೂರನೆಯದಕ್ಕೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಅಲ್ಲೇ ಕೆಲಸ ಮಾಡುವ ಒಬ್ಬರೊಡನೆ ಹೊರಗೆ ಕಾಫಿ ಕುಡಿಯಿರಿ.